ಬೆಕ್ಕಿನ ಬಾಯಲ್ಲಿ ಮನೆಯ ಮಾತು

ನಿಮ್ಮ ಮನೆಯಲ್ಲಿ ಬೆಕ್ಕಿದೆಯೇ? ಇದ್ದರೆ ನಾಚಿಕೊಳ್ಳದೆ ನಿಜ ಹೇಳಿಬಿಡಿ. ಬೆಳಿಗ್ಗೆ ಹಾಲು ಕಾಯಿಸುವಾಗ ಕಾಲಿಗೆ ಸುತ್ತಿಕೊಳ್ಳುವ ಆ ಪ್ರಾಣಿಯ ಜೊತೆ ನೀವು ಮಾತಾಡುತ್ತೀರೋ ಇಲ್ಲವೋ? "ಇರೇ ಮಾರಾಯ್ತಿ, ಇನ್ನೂ ಕಾದಿಲ್ಲ." "ನಿಂಗೊಬ್ಳಿಗೇನಾ ಹಸಿವು? ನಾನೂ ಇನ್ನೂ ಕಾಫಿ ಕುಡಿದಿಲ್ಲ." ಹೀಗೆಲ್ಲ ಹೇಳುವಾಗ ಪಕ್ಕದ ಮನೆಯವರು ಕಿಟಕಿಯಿಂದ ನೋಡಿ ನಕ್ಕರೆ ಮಾತು ನಿಲ್ಲಿಸಿ, ಸುಮ್ಮನೆ ಪಾತ್ರೆ ತೊಳೆಯುವವರ ಹಾಗೆ ನಟಿಸುತ್ತೀರಿ ತಾನೇ? ನಟಿಸಬೇಡಿ. ಅವರೂ ತಮ್ಮ ಮನೆಯಲ್ಲಿ ಇದನ್ನೇ ಮಾಡುತ್ತಾರೆ. ಬೆಕ್ಕಿಲ್ಲದಿದ್ದರೆ ನಾಯಿ, ನಾಯಿ ಇಲ್ಲದಿದ್ದರೆ ಹಸು. ಅದೂ ಇಲ್ಲದಿದ್ದರೆ ತುಳಸಿಗಿಡವಾದರೂ ಇರುತ್ತದೆ.

ನಾನೂ ಒಂದು ಕಾಲದಲ್ಲಿ ನಕ್ಕವಳೇ. ಮದುವೆಯಾಗಿ ಅರಸೀಕೆರೆಗೆ ಬಂದ ಹೊಸತರಲ್ಲಿ ನಮ್ಮ ಅತ್ತೆ ಹಿತ್ತಲಲ್ಲಿ ಒಬ್ಬರೇ ಕೂತು ಗಟ್ಟಿಯಾಗಿ ಮಾತಾಡುವುದನ್ನು ಕೇಳಿ ಗಾಬರಿಯಾಗಿದ್ದೆ. ಇಣುಕಿ ನೋಡಿದರೆ ಎದುರಿಗೆ ಒಂದು ಮಾಳಬೆಕ್ಕು! ಅತ್ತೆ ಅದಕ್ಕೆ ಸಂತೆಯಲ್ಲಿ ಮೆಣಸಿನಕಾಯಿ ರೇಟು ಏರಿದ ವಿಷಯ ತಿಳಿಸುತ್ತಿದ್ದರು. ತವರಿಗೆ ಹೋದಾಗ ಈ ಕಥೆಯನ್ನು ಬಣ್ಣ ಕಟ್ಟಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ಆ ನಗುವಿಗೆ ಕಳೆದ ವರ್ಷ ನಾನು ಬೆಲೆ ತೆರಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಸ್ವಲ್ಪ ನಗೋಣ.

ಬಂತೋ, ಬಂದಳೋ, ಬಂದರೋ?

ಬೆಕ್ಕಿನ ವಿಷಯದಲ್ಲಿ ನಮ್ಮ ಕನ್ನಡ ಬಹಳ ಶ್ರೀಮಂತ. ನನ್ನ ತವರು ಪುತ್ತೂರಿನ ಕಡೆ. ಅಲ್ಲಿ ತುಳುವಿನಲ್ಲಿ ಬೆಕ್ಕಿಗೆ 'ಪುಚ್ಚೆ' ಅನ್ನುತ್ತಾರೆ. ಅತ್ತೆ ಮನೆಯಲ್ಲಿ ಅದು 'ಕೊತ್ತಿ'. ಸಂಸ್ಕೃತದಲ್ಲಿ 'ಮಾರ್ಜಾರ'. ಒರೆಸು, ಶುಚಿಮಾಡು ಎಂಬ ಅರ್ಥದ ಧಾತುವಿನಿಂದ ಬಂದ ಪದ ಅದು. ದಿನವಿಡೀ ಮೈ ನೆಕ್ಕಿ ನೆಕ್ಕಿ ಚೊಕ್ಕಟ ಮಾಡಿಕೊಳ್ಳುವ ಪ್ರಾಣಿಗೆ ಎಷ್ಟು ತಕ್ಕ ಹೆಸರು ನೋಡಿ. ಪ್ರಾಚೀನ ಈಜಿಪ್ಟಿನವರು ಬೆಕ್ಕನ್ನು 'ಮಿಯು' ಎಂದು ಕರೆದರು, ಚೀನೀಯರು 'ಮಾವೋ' ಅನ್ನುತ್ತಾರೆ. ಅಂದರೆ ಅದು ಏನು ಕೂಗಿತೋ ಅದನ್ನೇ ಅದಕ್ಕೆ ಹೆಸರಾಗಿ ಇಟ್ಟುಬಿಟ್ಟರು!

ಇನ್ನು ಗಾದೆಗಳೋ, ಕೇಳಲೇಬೇಡಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಬಾಡಿಗೆ ಮನೆ ಬದಲಾಯಿಸುತ್ತಲೇ ಇರುವವರಿಗೆ 'ಬೆಕ್ಕು ಮರಿ ಕಚ್ಚಿಕೊಂಡು ಏಳು ಮನೆ ಸುತ್ತಿದ ಹಾಗೆ' ಎಂಬ ಮಾತು ಇದ್ದೇ ಇದೆ. ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡು ಹಾಲು ಕಂಡರೆ ಓಡುವ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದೆ ಬೆಳೆದ ಮಗು ನಮ್ಮಲ್ಲಿ ಇರಲಿಕ್ಕಿಲ್ಲ.

ಆದರೆ ಇವೆಲ್ಲಕ್ಕಿಂತ ಸೊಗಸು ನಮ್ಮ ವ್ಯಾಕರಣದ ಆಟ. ಶಾಲೆಯಲ್ಲಿ ಪಂಡಿತರು ಹೇಳಿಕೊಟ್ಟದ್ದು ನೆನಪಿದೆಯೇ? ಪ್ರಾಣಿಗಳೆಲ್ಲ ನಪುಂಸಕಲಿಂಗ. ಬೆಕ್ಕು ಬಂತು, ಬೆಕ್ಕು ಹೋಯಿತು. ಮನೆಯಲ್ಲಿ ಯಾರು ಹಾಗೆ ಹೇಳುತ್ತಾರೆ? ಪ್ರೀತಿ ಉಕ್ಕಿದಾಗ "ನಮ್ಮ ಚಿನ್ನಿ ಬಂದ್ಲು". ರಾತ್ರಿಯೆಲ್ಲ ಊರು ಸುತ್ತಿ ಬೆಳಿಗ್ಗೆ ಬಂದರೆ "ಓಹೋ, ಮಹಾರಾಯ್ರು ಈಗ ದಯಮಾಡಿಸಿದ್ರು!" ಅದೇ ಬೆಕ್ಕು ಕೆನೆಗೆ ಬಾಯಿ ಹಾಕಿದ ಕ್ಷಣದಲ್ಲಿ ಮತ್ತೆ ನಪುಂಸಕಲಿಂಗಕ್ಕೆ ಇಳಿಯುತ್ತದೆ: "ಹಾಳಾದ್ದು, ಎಲ್ಲಿಂದ ಬಂತು!" ಒಂದೇ ಬೆಕ್ಕು, ದಿನಕ್ಕೆ ಮೂರು ಪದವಿ. ನಮ್ಮ ಸಿಟ್ಟು ಪ್ರೀತಿಯನ್ನು ಅಳೆಯಬೇಕಾದರೆ ಕ್ರಿಯಾಪದದ ಬಾಲ ನೋಡಿದರೆ ಸಾಕು.

ನಮ್ಮ ಮನೆಯಲ್ಲಂತೂ ಈ ಲಿಂಗದ ಗೊಂದಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಆರು ವರ್ಷದ ಹಿಂದೆ ಮಳೆಯಲ್ಲಿ ನೆನೆದು ನಡುಗುತ್ತಾ ಒಂದು ಕೆಂಪು ಮರಿ ಬಂತು. ಅತ್ತೆ ಅದಕ್ಕೆ 'ಕೆಂಚಿ' ಎಂದು ಹೆಸರಿಟ್ಟರು. ಚುಚ್ಚುಮದ್ದು ಹಾಕಿಸಲು ಪಶುವೈದ್ಯರ ಹತ್ತಿರ ಒಯ್ದಾಗ ಅವರು ನಕ್ಕು, "ಇದು ಗಂಡು ಕಣಮ್ಮ" ಎಂದರು. ಕೆಂಪು ಬಣ್ಣ ಕೊಡುವ ಜೀನು ಎಕ್ಸ್ ವರ್ಣತಂತುವಿನ ಮೇಲೆ ಇರುವುದರಿಂದ, ಕೆಂಪು ಬೆಕ್ಕುಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಗಂಡೇ ಆಗಿರುತ್ತವಂತೆ. ಮೂರು ಬಣ್ಣದ ಬೆಕ್ಕಾದರೆ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ನಾನು ಮನೆಗೆ ಬಂದು ಇದನ್ನೆಲ್ಲ ವಿವರಿಸಿದೆ. ಅತ್ತೆ ಕೇಳಿಸಿಕೊಂಡು, "ಆಗ್ಲಿ ಬಿಡು. ಕೆಂಚೀ, ಬಾರೇ ಇಲ್ಲಿ" ಎಂದರು. ಅಂದಿನಿಂದ ಇಂದಿನವರೆಗೂ ಅವನು ಅವಳೇ. ನಾನೂ ಹಾಗೇ ಬರೆಯುತ್ತೇನೆ, ನೀವು ಹೊಂದಿಸಿಕೊಳ್ಳಿ.

ಬೇಕೆಂದೇ ತಪ್ಪು ಮಾತಾಡುವ ಬೆಕ್ಕು

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಗಳು ಒಮ್ಮೆ ಮನೆಯ ವಾಟ್ಸಾಪ್ ಗುಂಪಿಗೆ ಕೆಂಚಿಯ ಚಿತ್ರ ಹಾಕಿದಳು. ಕೆಂಚಿ ಕೋಡುಬಳೆ ಡಬ್ಬಿಯ ಮುಂದೆ ಕೂತಿದೆ. ಕೆಳಗೆ ಬರೆದಿದ್ದಾಳೆ: "ನಾನ್ ಕೋಡ್ಬಳೆ ತಿಂತಾನಾ?" ನಮ್ಮ ಯಜಮಾನರು ಕನ್ನಡಕ ಸರಿಮಾಡಿಕೊಂಡು, "ಇವಳಿಗೆ ಕನ್ನಡವೇ ಮರೆತುಹೋಯ್ತಲ್ಲೇ!" ಎಂದು ಕಳವಳಪಟ್ಟರು. ಮರೆತದ್ದಲ್ಲವಂತೆ. ಬೆಕ್ಕು ಮಾತಾಡಿದರೆ ಹೀಗೇ ಮಾತಾಡಬೇಕು ಎಂಬುದು ಒಂದು ಪದ್ಧತಿಯಂತೆ.

ಈ ಪದ್ಧತಿಯ ಮೂಲ ಅಮೆರಿಕದ್ದು. 2005ರಿಂದ ಈಚೆಗೆ ಅಲ್ಲಿನ ಯುವಕರು ಶನಿವಾರಗಳಂದು ಬೆಕ್ಕಿನ ಚಿತ್ರಗಳಿಗೆ ತಮಾಷೆಯ ಸಾಲು ಸೇರಿಸಿ ಕಂಪ್ಯೂಟರಿನ ಮೂಲಕ ಹಂಚಿಕೊಳ್ಳತೊಡಗಿದರು. ಇಂಗ್ಲಿಷಿನ 'ಸ್ಯಾಟರ್ಡೇ' ಅವರ ಬಾಯಲ್ಲಿ 'ಕ್ಯಾಟರ್ಡೇ' ಆಯಿತು. ಈ ಚಿತ್ರಗಳಿಗೆ 'ಲಾಲ್‌ಕ್ಯಾಟ್' ಎಂದು ಹೆಸರು. 2007ರ ಜನವರಿಯಲ್ಲಿ ಹವಾಯಿ ದ್ವೀಪದ ಎರಿಕ್ ನಾಕಗಾವಾ ಮತ್ತು ಕಾರಿ ಉನೆಬಸಾಮಿ ಎಂಬಿಬ್ಬರು ಇಂಥ ಚಿತ್ರಗಳಿಗೆಂದೇ ಒಂದು ತಾಣ ತೆರೆದರು. ಅದರ ಹೆಸರು 'ಐ ಕ್ಯಾನ್ ಹ್ಯಾಸ್ ಚೀಸ್‌ಬರ್ಗರ್'. ಬೂದುಬಣ್ಣದ ಒಂದು ದುಂಡು ಬೆಕ್ಕು ತಿಂಡಿ ಕೇಳುವ ಚಿತ್ರದ ಸಾಲು ಅದು. 'ಕ್ಯಾನ್ ಐ ಹ್ಯಾವ್' ಅನ್ನಬೇಕಾದ ಜಾಗದಲ್ಲಿ ಪದಗಳೂ ಅದಲುಬದಲು, ಕ್ರಿಯಾಪದವೂ ತಪ್ಪು. ನಮ್ಮ ಮಗಳ 'ನಾನ್ ತಿಂತಾನಾ' ಅದರದೇ ಕನ್ನಡದ ತಂಗಿ.

ಇದರಲ್ಲಿ ಒಂದು ಗುಟ್ಟಿದೆ ನೋಡಿ. ತಪ್ಪನ್ನು ಬೇಕೆಂದು ಮಾಡಬೇಕಾದರೆ ಸರಿಯಾದದ್ದು ಚೆನ್ನಾಗಿ ಗೊತ್ತಿರಬೇಕು. ರಂಗೋಲಿ ಬಲ್ಲವಳೇ ಚುಕ್ಕಿ ತಪ್ಪಿಸಿ ಹೊಸ ಎಳೆ ಎಳೆಯುತ್ತಾಳೆ. ನಮ್ಮ ಮಕ್ಕಳು ಚಿಕ್ಕವರಿದ್ದಾಗ "ಅಮ್ಮಾ, ನಾನು ಬಿದ್ದೋಯ್ತು" ಎಂದದ್ದನ್ನು ನಾವು ವರ್ಷಗಟ್ಟಲೆ ಹೇಳಿಕೊಂಡು ನಗುವುದಿಲ್ಲವೇ? ಅದೇ ತೊದಲನ್ನು ಬೆಕ್ಕಿಗೆ ಕೊಟ್ಟಿದ್ದಾರೆ, ಅಷ್ಟೇ.

ಇದು ಈಗಿನ ಕಾಲದ ಹುಡುಗರ ಹುಚ್ಚು ಎನ್ನಬೇಡಿ. ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಹ್ಯಾರಿ ಪಾಯಿಂಟರ್ ಎಂಬ ಛಾಯಾಗ್ರಾಹಕ 1870ರ ದಶಕದಲ್ಲೇ ಬೆಕ್ಕುಗಳನ್ನು ಕೂರಿಸಿ, ನಿಲ್ಲಿಸಿ ಫೋಟೋ ತೆಗೆದು, ಕೆಳಗೆ ಒಂದೊಂದು ತಮಾಷೆಯ ಸಾಲು ಬರೆದು ಮಾರುತ್ತಿದ್ದ. ಅಮೆರಿಕದ ಹ್ಯಾರಿ ವಿಟಿಯರ್ ಫ್ರೀಸ್ 20ನೇ ಶತಮಾನದ ಆರಂಭದಲ್ಲಿ ಬೆಕ್ಕಿನ ಮರಿಗಳಿಗೆ ಅಂಗಿ ಟೋಪಿ ತೊಡಿಸಿ ಅಂಚೆ ಕಾರ್ಡು ಮಾಡಿದ. ಅವನ 1905ರ ಒಂದು ಕಾರ್ಡಿನಲ್ಲಿ ಮೇಜಿನ ಮುಂದೆ ಕೂತ ಬೆಕ್ಕು ತನ್ನ ಊಟ ಯಾಕೆ ತಡವಾಯಿತೆಂದು ಕೇಳುತ್ತದೆ. ಯಾವ ದೇಶವಾದರೇನು, ಯಾವ ಕಾಲವಾದರೇನು, ಬೆಕ್ಕಿನ ಬಾಯಲ್ಲಿ ಬರುವ ಮೊದಲ ಮಾತು ಊಟದ್ದೇ!

ಜಪಾನಿನವರು ಇದಕ್ಕೆ ವಿರುದ್ಧ. ಅದೇ 1905ರಲ್ಲಿ ನಟ್ಸುಮೆ ಸೊಸೆಕಿ ಎಂಬ ದೊಡ್ಡ ಲೇಖಕ 'ನಾನೊಂದು ಬೆಕ್ಕು' ಎಂಬರ್ಥದ ಹೆಸರಿನ ಕಾದಂಬರಿಯನ್ನು ಕಂತುಗಳಲ್ಲಿ ಪ್ರಕಟಿಸಲು ಶುರುಮಾಡಿದ. ಹೆಸರೂ ಇಲ್ಲದ ಬಡಪಾಯಿ ಬೆಕ್ಕು ಅದರಲ್ಲಿ ತನ್ನನ್ನು ತಾನು 'ವಗಹಾಯ್' ಎಂದು ಕರೆದುಕೊಳ್ಳುತ್ತದೆ. ದೊಡ್ಡ ಮನುಷ್ಯರು ಜಂಬದಿಂದ ಆಡುವ 'ನಾವು' ಅದು. ಅಂದರೆ ಅಮೆರಿಕದ ಬೆಕ್ಕು ತೊದಲಿದರೆ ಜಪಾನಿನ ಬೆಕ್ಕು ಅರಮನೆಯ ಭಾಷೆ ಮಾತಾಡುತ್ತದೆ. ಜಪಾನಿನಲ್ಲಿ ಬೆಕ್ಕು ಕೂಗುವುದು 'ನ್ಯಾನ್' ಎಂದು. ಅವರ ಭಾಷೆಯಲ್ಲಿ ಎರಡಕ್ಕೆ 'ನಿ'. ಹಾಗಾಗಿ ಎರಡನೇ ತಿಂಗಳ ಇಪ್ಪತ್ತೆರಡನೇ ದಿನ, ಅಂದರೆ ಮೂರು ಎರಡುಗಳು ಸೇರುವ ಫೆಬ್ರವರಿ 22, 'ನ್ಯಾನ್ ನ್ಯಾನ್ ನ್ಯಾನ್' ಆಗಿ ಅಲ್ಲಿ ಬೆಕ್ಕಿನ ಹಬ್ಬ. 1987ರಿಂದ ನಡೆದುಕೊಂಡು ಬಂದಿದೆ.

ಸಿಡುಕು ಮೋರೆಯ ಒಂದು ಬೆಕ್ಕಿನ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. 'ಗ್ರಂಪಿ ಕ್ಯಾಟ್' ಎಂದು ಅದು ಲೋಕಪ್ರಸಿದ್ಧ. 2012ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಹೆಣ್ಣು ಬೆಕ್ಕು. ಪ್ರಪಂಚದ ಎಲ್ಲ ಸಿಟ್ಟಿನ ಮಾತುಗಳನ್ನೂ ಜನ ಅದರ ಚಿತ್ರದ ಕೆಳಗೆ ಬರೆದರು. ಪಾಪ, ಅದಕ್ಕೆ ಸಿಟ್ಟೇ ಇರಲಿಲ್ಲ. ಕುಳ್ಳು ದೇಹ, ಮುಂದೆ ಚಾಚಿದ ಕೆಳದವಡೆಯಿಂದಾಗಿ ಮುಖ ಹುಟ್ಟಿನಿಂದಲೇ ಹಾಗಿತ್ತು. ಸಿಟ್ಟೆಲ್ಲ ಬರೆದವರದ್ದು.

ಅದಕ್ಕೆ ತಿಳಿಯುತ್ತದೆಯೇ?

"ಅದಕ್ಕೇನು ತಿಳಿಯುತ್ತೆ ಅಂತ ಮಾತಾಡ್ತೀರಿ?" ಎಂದು ಕೇಳುವವರಿಗೆ ಈಗ ಉತ್ತರ ಕೊಡಬಹುದು. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ 'ಮಿಯಾಂವ್' ಅನ್ನುವುದು ಬಹಳ ಕಡಿಮೆ. ಮರಿಗಳು ತಾಯಿಯನ್ನು ಕರೆಯಲು ಬಳಸುವ ಕೂಗು ಅದು. ಬೆಳೆದ ಮೇಲೆ ಬೆಕ್ಕು ಅದನ್ನು ಉಳಿಸಿಕೊಳ್ಳುವುದು ಮುಖ್ಯವಾಗಿ ನಮಗಾಗಿ. ಅಂದರೆ ನಾವು ಬೆಕ್ಕಿಗೆ ತೊದಲು ಮಾತಾಡುತ್ತೇವೆ, ಬೆಕ್ಕು ನಮಗೆ ಮರಿಯ ಮಾತಾಡುತ್ತದೆ!

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕರೆನ್ ಮೆಕಾಂಬ್ ಮತ್ತು ಸಂಗಡಿಗರು 2009ರಲ್ಲಿ ಇನ್ನೊಂದು ಜಾಣತನ ಕಂಡುಹಿಡಿದರು. ಊಟ ಕೇಳುವಾಗ ಕೆಲವು ಬೆಕ್ಕುಗಳು 'ಗುರ್‌ಗುರ್' ಸದ್ದಿನೊಳಗೇ ಒಂದು ಎಳೆಯ ಅಳುವಿನ ಸ್ವರ ಸೇರಿಸುತ್ತವಂತೆ. ಅದು ಹಸುಗೂಸಿನ ಅಳುವಿಗೆ ಹತ್ತಿರ. ಮೂರು ಮಕ್ಕಳನ್ನು ಹೆತ್ತ ತಾಯಿ ಒಲೆ ಬಿಟ್ಟು ಓಡಿಬರದೆ ಇರುತ್ತಾಳೆಯೇ?

ಜಪಾನಿನ ಅತ್ಸುಕೊ ಸೈಟೊ ಮತ್ತು ಜೊತೆಗಾರರು 2019ರಲ್ಲಿ ತೋರಿಸಿದ್ದು, ಬೆಕ್ಕು ತನ್ನ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತದೆ ಎಂದು. ಕರೆದಾಗ ಬರದಿದ್ದರೆ ಕೇಳಿಸಲಿಲ್ಲ ಎಂದು ತಿಳಿಯಬೇಡಿ, ಮನಸ್ಸಿಲ್ಲ ಅಷ್ಟೇ. ಫ್ರಾನ್ಸಿನ ಶಾರ್ಲೊಟ್ ದ ಮೂಜೋನ್ 2022ರಲ್ಲಿ 16 ಬೆಕ್ಕುಗಳಿಗೆ ಧ್ವನಿಮುದ್ರಿಕೆ ಕೇಳಿಸಿ ನೋಡಿದರು. ತಮ್ಮ ಯಜಮಾನರು ಬೆಕ್ಕಿಗೆಂದೇ ಎಳೆದು ರಾಗವಾಗಿ ಆಡಿದ ಮಾತಿಗೆ ಅವು ಕಿವಿ ನಿಮಿರಿಸಿದವು. ಅಪರಿಚಿತರು ಅದೇ ರಾಗದಲ್ಲಿ ಕರೆದರೆ ಕ್ಯಾರೇ ಅನ್ನಲಿಲ್ಲ.

ಇನ್ನೊಂದು ಸಂಗತಿ ತಾಯಂದಿರಿಗೆ ಇಷ್ಟವಾಗುವಂಥದ್ದು. ಆಸ್ಟ್ರೇಲಿಯಾದ ಡೆನಿಸ್ ಬರ್ನ್‌ಹ್ಯಾಮ್ ಮತ್ತು ಸಂಗಡಿಗರು ತಾಯಂದಿರು ಹಸುಗೂಸಿಗೆ, ಸಾಕುಪ್ರಾಣಿಗೆ, ದೊಡ್ಡವರಿಗೆ ಆಡುವ ಮಾತುಗಳನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದರು. ಕೂಸಿಗೂ ಬೆಕ್ಕಿಗೂ ದನಿ ಏರಿಸಿ, ಅಕ್ಕರೆ ತುಂಬಿ ಮಾತಾಡುತ್ತೇವೆ. ಆದರೆ ಸ್ವರಾಕ್ಷರಗಳನ್ನು ಬಿಡಿಸಿ ಬಿಡಿಸಿ ಸ್ಪಷ್ಟವಾಗಿ ಉಚ್ಚರಿಸುವುದು ಕೂಸಿಗೆ ಮಾತ್ರ. ಕೂಸು ನಾಳೆ ಮಾತು ಕಲಿಯಬೇಕು, ಬೆಕ್ಕು ಕಲಿಯಬೇಕಾಗಿಲ್ಲ. ಇದನ್ನು ಯಾರೂ ನಮಗೆ ಹೇಳಿಕೊಡಲಿಲ್ಲ ನೋಡಿ, ನಾಲಿಗೆಗೆ ತಾನಾಗಿ ಗೊತ್ತು.

ಬೆಕ್ಕಿಗೆ ಹೇಳಿ ಗಂಡನಿಗೆ ಕೇಳಿಸುವುದು

ಈಗ ಮನೆಯೊಳಗಿನ ವಿಷಯಕ್ಕೆ ಬರೋಣ. ಬೆಕ್ಕಿಗೆ ಆಡುವ ಮಾತೆಲ್ಲ ಬೆಕ್ಕಿಗೇ ಇರುತ್ತದೆಯೇ? ನನ್ನ ಉದಾಹರಣೆ ಹೇಳುತ್ತೇನೆ. ನಮ್ಮೆಜಮಾನರು ಕಾಫಿ ಲೋಟವನ್ನು ಟಿ.ವಿ. ಮೇಜಿನ ಮೇಲೆ ಬಿಟ್ಟು ಏಳುವ ಅಭ್ಯಾಸದವರು. ನೇರವಾಗಿ ಹೇಳಿದರೆ ಜಗಳ. ಅದಕ್ಕೇ ನಾನು ಕೆಂಚಿಗೆ ಹೇಳುತ್ತೇನೆ: "ನೋಡೇ ಕೆಂಚಿ, ನೀನಾದ್ರೂ ನಿನ್ನ ತಟ್ಟೆ ನೆಕ್ಕಿ ಚೊಕ್ಕ ಮಾಡ್ತೀಯ. ಕೆಲವರಿಗೆ ಅದೂ ಬರಲ್ಲ." ಯಜಮಾನರು ಪತ್ರಿಕೆಯಿಂದ ತಲೆ ಎತ್ತದೆ, "ಕೆಂಚಿ, ನಿಮ್ಮಮ್ಮನಿಗೆ ಹೇಳು, ಲೋಟ ಅಡಿಗೆಮನೆಗೆ ಬರ್ತಾ ಇದೆ" ಅನ್ನುತ್ತಾರೆ. ಲೋಟ ಬರುತ್ತದೆ. ಕೆಂಚಿ ಮಾತ್ರ ಕಣ್ಣು ಮುಚ್ಚಿ ಮಲಗಿರುತ್ತದೆ.

ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞೆ ಡೆಬೊರಾ ಟ್ಯಾನನ್ 2004ರಲ್ಲಿ ಇದನ್ನೇ ಕುರಿತು ಒಂದು ಪ್ರಬಂಧ ಬರೆದಿದ್ದಾರೆ. ತಮ್ಮ ಮನೆಯ ದಿನನಿತ್ಯದ ಮಾತುಗಳನ್ನು ತಾವೇ ಧ್ವನಿಮುದ್ರಿಸಿಕೊಟ್ಟ ಕುಟುಂಬಗಳ ಮಾತುಕತೆಯನ್ನು ಅವರು ಪರಿಶೀಲಿಸಿದರು. ಗಂಡ ಹೆಂಡತಿ ವಾದಕ್ಕೆ ಬಿದ್ದಾಗ ಒಬ್ಬರು ಸಾಕುಪ್ರಾಣಿಯ ಕಡೆ ತಿರುಗಿ ಮುದ್ದು ಮಾತಾಡುತ್ತಾರೆ, ಇಲ್ಲವೇ ಅದರ ದನಿಯಲ್ಲಿ ತಾವೇ ಮಾತಾಡುತ್ತಾರೆ. ವಾದದ ಬಿಸಿ ಇಳಿಯುತ್ತದೆ. ಆಕ್ಷೇಪಣೆ ಹೇಳಲು, ಹೊಗಳಲು, ಮಕ್ಕಳಿಗೆ ಬುದ್ಧಿ ಹೇಳಲು, ತಪ್ಪೊಪ್ಪಿಕೊಳ್ಳಲು ಎಲ್ಲಕ್ಕೂ ನಡುವೆ ಒಂದು ನಾಯಿಯೋ ಬೆಕ್ಕೋ ಇದ್ದರೆ ಅನುಕೂಲ. ಓದಿದಾಗ ನನಗೆ ನಗು ಬಂತು. ನಮ್ಮ ಹಿರಿಯರು 'ಮಗಳಿಗೆ ಹೇಳಿ ಸೊಸೆಗೆ ಕೇಳಿಸು' ಎಂದು ಎಂದೋ ಹೇಳಿಲ್ಲವೇ?

ಆದರೆ ಒಂದು ಬಗೆಯ ಮಾತಿದೆ. ಅದನ್ನು ಬೆಕ್ಕಿಗೆ ಹೇಳುವುದು ಯಾರಿಗೋ ಕೇಳಿಸಲಿ ಎಂದಲ್ಲ. ಯಾರಿಗೂ ಕೇಳಿಸದಿರಲಿ ಎಂದು. ಅದನ್ನು ನಾನು ತಿಳಿದದ್ದು ಕಳೆದ ವರ್ಷ.

ಹಿತ್ತಲಲ್ಲಿ ಕೇಳಿದ್ದು

ನಮ್ಮ ಅತ್ತೆಗೆ ಎಪ್ಪತ್ತನಾಲ್ಕು. ಒಂದು ದಿನ ಸುಮ್ಮನೆ ಕೂತವರಲ್ಲ. ಕಳೆದ ವರ್ಷ ಅವರ ರಂಗೋಲಿಯ ಚುಕ್ಕಿಗಳು ಸಾಲು ತಪ್ಪತೊಡಗಿದವು. ಮಲ್ಲಿಗೆ ಕಟ್ಟುವಾಗ ದಾರ ಹೂವಿನ ಪಕ್ಕ ಹೋಗಿಬಿಡುತ್ತಿತ್ತು. ಒಂದು ದಿನ ಪಾಯಸಕ್ಕೆ ಉಪ್ಪು ಬಿತ್ತು. "ಈ ಬಲ್ಬು ಮಂಕು ಕಣೇ" ಎಂದರು. ಬಲ್ಬು ಬದಲಾಯಿಸಿದೆವು. "ವಯಸ್ಸಾಯ್ತಲ್ಲ, ಮರೆವು" ಎಂದು ನಾವು ನಾವೇ ಹೇಳಿಕೊಂಡೆವು. ನಿಜ ಹೇಳಬೇಕೆಂದರೆ ಉಪ್ಪಿನ ಪಾಯಸದ ಕಥೆಯನ್ನೂ ಹೇಳಿ ನಾನು ನಕ್ಕಿದ್ದೆ.

ಒಂದು ಸಂಜೆ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದೆ. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಕೆಂಚಿ. ಹಾಸಿದ ಸೀರೆ ಅಡ್ಡ ಇದ್ದದ್ದರಿಂದ ನಾನು ಅವರಿಗೆ ಕಾಣಲಿಲ್ಲ. ಇಲ್ಲದಿದ್ದರೂ ಕಾಣುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ನಿನ್ ಮಖನೇ ಸರ್ಯಾಗಿ ಕಾಣ್ತಿಲ್ಲ ಕಣೇ ಕೆಂಚಿ" ಅನ್ನುತ್ತಿದ್ದರು. "ಕೆಂಪಗೆ ಏನೋ ಒಂದು ಕೂತಂಗೈತೆ, ಅಷ್ಟೇಯ. ಯಾರ್ಗೂ ಹೇಳ್ಬ್ಯಾಡ. ಮಗಿಗೆ ಕಾಲೇಜು ಫೀಜು ಕಟ್ಬೇಕು ಈ ವರ್ಷ. ನನ್ ಕಣ್ಣಿಗೇನು ಅವಸರ? ನೋಡೋದೆಲ್ಲ ನೋಡಾಯ್ತು."

ಕೈಯಲ್ಲಿ ಬಟ್ಟೆ ಹಿಡಿದು ನಾನು ಅಲ್ಲೇ ನಿಂತೆ. ಎಷ್ಟು ದಿನದಿಂದ ಈ ಮಾತು ನಡೆದಿತ್ತೋ. ಅದೇ ಹಿತ್ತಲು, ಅದೇ ದನಿ. ಅತ್ತೆ ಬೆಕ್ಕಿನ ಜೊತೆ ಮಾತಾಡುತ್ತಾರೆ ಎಂದು ಊರಿಗೆಲ್ಲ ಹೇಳಿದ್ದೆ. ಏನು ಮಾತಾಡುತ್ತಾರೆ ಎಂದು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

ಏನು ಮಾಡಲಿ? ಕದ್ದು ಕೇಳಿದೆ ಎಂದರೆ ಅವರ ಮಾನಕ್ಕೆ ಕುಂದು. ಸುಮ್ಮನಿರುವ ಹಾಗೂ ಇಲ್ಲ. ರಾತ್ರಿ ಊಟವಾದ ಮೇಲೆ ಅತ್ತೆಯ ಪಕ್ಕ ಕೂತು ಕೆಂಚಿಯನ್ನು ಎತ್ತಿಕೊಂಡೆ. "ಕೆಂಚಿ, ನಿಮ್ಮಜ್ಜಿಗೆ ಹೇಳು, ಮೊಮ್ಮಗಳ ಫೀಜಿಗೆ ದುಡ್ಡು ಆಗಲೇ ಎತ್ತಿಟ್ಟಾಗಿದೆ ಅಂತ" ಎಂದೆ. ಅತ್ತೆಯ ಕೈ ಎಲೆ ಅಡಿಕೆ ತಟ್ಟೆಯ ಮೇಲೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, "ಕೆಂಚಿ, ನೀನು ಚಾಡಿ ಹೇಳ್ದೇನೇ?" ಎಂದರು, ಬೆಕ್ಕಿಗೇ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಇನ್ನು ಬೆಕ್ಕಿನ ಹಿಂದೆ ಅಡಗಿ ಪ್ರಯೋಜನವಿಲ್ಲ ಎನ್ನಿಸಿ ಅವರ ಕೈ ಹಿಡಿದು ಹೇಳಿದೆ: "ಅತ್ತೆ, ತಪ್ಪಾಯ್ತು. ನಾನು ಮೊದಲೇ ನೋಡಬೇಕಿತ್ತು. ನಾಳೆ ಡಾಕ್ಟರ ಹತ್ರ ಹೋಗೋಣ ಬನ್ನಿ."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದರಲ್ಲಿ ಪೂರ್ತಿ ಬಲಿತಿತ್ತು. ಇನ್ನೂ ಬಿಟ್ಟಿದ್ದರೆ ಒತ್ತಡ ಏರಿ ದೃಷ್ಟಿಗೇ ಅಪಾಯವಾಗಬಹುದಿತ್ತು ಎಂದರು ವೈದ್ಯರು. ಸೋದರಿಯರೇ, ಮನೆಯ ಹಿರಿಯರು ಖರ್ಚಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ ಇದನ್ನು ಹೇಳಿ: 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಸರ್ಕಾರಿ ಆಸ್ಪತ್ರೆಗಳಲ್ಲಿ, ಶಿಬಿರಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತವಾಗಿ ಆಗುತ್ತದೆ. ಕಣ್ಣಿನೊಳಗೆ ಮಸೂರ ಕೂರಿಸುವ ಈ ಚಿಕಿತ್ಸೆಗೆ ಸಾಮಾನ್ಯವಾಗಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ.

ಮೊದಲ ಕಣ್ಣಿನ ಚಿಕಿತ್ಸೆಯಾದ ಮೇಲೆ, ಕೆಲವು ವಾರ ಬೆಕ್ಕನ್ನು ಹಾಸಿಗೆಯ ಹತ್ತಿರ ಬಿಡಬೇಡಿ ಎಂದರು. ಕೆಂಚಿ ಕಿಟಕಿಯ ಹೊರಗೆ, ಅತ್ತೆ ಒಳಗೆ. ಸರಳುಗಳ ನಡುವೆ ಮಾತುಕತೆ. ಪಟ್ಟಿ ಬಿಚ್ಚಿದ ದಿನ ಅತ್ತೆ ಕಿಟಕಿಯ ಬಳಿ ಬಂದು ಬಗ್ಗಿ ನೋಡಿದರು. "ಅಯ್ಯೋ, ನಿನ್ ಮೂಗಿನ ಮ್ಯಾಲೆ ಕರೀ ಮಚ್ಚೆ ಐತೇನೇ ಕೆಂಚಿ?" ಇತ್ತು. ಕೆಂಪು ಬೆಕ್ಕುಗಳಿಗೆ ವಯಸ್ಸಾಗುತ್ತಾ ಮೂಗು ತುಟಿಗಳ ಮೇಲೆ ಹಾಗೆ ಚುಕ್ಕಿ ಬೀಳುವುದುಂಟು. ಅದು ಯಾವಾಗ ಬಂದಿತ್ತೋ, ಅವರು ಕಂಡದ್ದು ಅಂದೇ. ಆಮೇಲೆ ನನ್ನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. "ನಿನ್ ಕೂದ್ಲೂ ಬೆಳ್ಳಗಾಗೈತಲ್ಲೇ ಮಗಾ. ಯಾವಾಗ ಆಯ್ತು?" ಎಂದರು.

ಕೆಂಚಿಯನ್ನು ನಡುವೆ ಇಟ್ಟುಕೊಳ್ಳದೆ ಅವರು ನನಗೆ ಆಡಿದ ಅಕ್ಕರೆಯ ಮಾತು ಬಹುಶಃ ಅದೇ ಮೊದಲು.

ಬೆಕ್ಕಿರುವ ಮನೆಗೆ ನಾಲ್ಕು ಮಾತು

ಬೆಕ್ಕಿನ ಜೊತೆ ಸ್ನೇಹ ಬೆಳೆಸಬೇಕೆಂದರೆ ದಿಟ್ಟಿಸಿ ನೋಡಬೇಡಿ. ಕಣ್ಣನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸಿ. ಬೆಕ್ಕುಗಳೂ ಹಾಗೇ ಉತ್ತರ ಕೊಡುತ್ತವೆ, ಹಾಗೆ ಮಿಟುಕಿಸಿದವರ ಹತ್ತಿರ ಹೆಚ್ಚಾಗಿ ಬರುತ್ತವೆ ಎಂದು ಸಸೆಕ್ಸ್ ವಿಶ್ವವಿದ್ಯಾಲಯದವರೇ 2020ರಲ್ಲಿ ತೋರಿಸಿದ್ದಾರೆ.

ಗಾದೆಯಲ್ಲಿ ಬೆಕ್ಕು ಹಾಲು ಕುಡಿಯಲಿ, ಮನೆಯಲ್ಲಿ ಹೆಚ್ಚು ಬೇಡ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ಬರೀ ಮೊಸರನ್ನದ ಮೇಲೂ ಬೆಕ್ಕು ಬದುಕಲಾರದು. ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಅಂಶ ಇಲ್ಲದಿದ್ದರೆ ಅದರ ಹೃದಯ ಕೆಡುತ್ತದೆ, ಕಣ್ಣೂ ಹೋಗುತ್ತದೆ. ಮಾಂಸ ತಾರದ ಮನೆಯವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನಾದರೂ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಅಡಿಗೆ ಅದಕ್ಕೆ ವಿಷ. ಕೋಡುಬಳೆ ಚಿತ್ರದಲ್ಲಿ ಮಾತ್ರ ಇರಲಿ.

ಬೆಕ್ಕಿಗೆ ಹುಚ್ಚುರೋಗದ ಲಸಿಕೆ ತಪ್ಪಿಸಬೇಡಿ. ಕಚ್ಚಿದರೆ ಅಥವಾ ಪರಚಿ ಗಾಯ ಮಾಡಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ಚೆನ್ನಾಗಿ ತೊಳೆದು ಅಂದೇ ವೈದ್ಯರನ್ನು ಕಾಣಿ. ನಮ್ಮ ಬೆಕ್ಕಲ್ಲವೇ ಎಂದು ಅರಿಶಿನ ಮೆತ್ತಿ ಕೂರಬೇಡಿ.

ಫೋಟೋ ತೆಗೆದು ತಮಾಷೆಯ ಸಾಲು ಬರೆಯಿರಿ, ಮಕ್ಕಳಿಗೆ ಕಳಿಸಿ, ದೂರದಲ್ಲಿ ಓದುವ ಮಗಳಿಗೆ ಮನೆಯ ವಾಸನೆ ಸಿಕ್ಕಿದ ಹಾಗಾಗುತ್ತದೆ. ಚಿತ್ರಕ್ಕಾಗಿ ಬೆಕ್ಕಿಗೆ ಬಿಗಿ ಅಂಗಿ ತೊಡಿಸಿ ಹಿಂಸೆ ಮಾಡಬೇಡಿ.

ಕೊನೆಯದಾಗಿ ಒಂದು ಮಾತು. ನಿಮ್ಮ ಮನೆಯಲ್ಲಿ ಅತ್ತೆಯೋ ಮಾವನೋ, ಬೆಳೆಯುವ ಮಗಳೋ, ಮಾತು ಕಡಿಮೆಯಾದ ಗಂಡನೋ ಬೆಕ್ಕಿನ ಜೊತೆ ಪಿಸುಗುಟ್ಟುವುದು ಕಂಡರೆ ನಗುತ್ತಾ ದಾಟಿಹೋಗಬೇಡಿ. ಒಲೆ ಸಣ್ಣ ಮಾಡಿ ಒಂದು ನಿಮಿಷ ನಿಲ್ಲಿ. ನಿಮಗೆ ಹೇಳಲು ಬಾಯಿ ಬಾರದ್ದನ್ನು ಅವರು ಅಲ್ಲಿ ಹೇಳುತ್ತಿರಬಹುದು. ಬೆಕ್ಕಿಗೆ ಕೇಳಿಸುತ್ತದೆ, ಆದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಅದಕ್ಕೆ ಬರುವುದಿಲ್ಲ. ಆ ಕೆಲಸ ನಮ್ಮದೇ.

ಅತ್ತೆಯ ಎರಡನೆಯ ಕಣ್ಣೂ ಈಗ ಸರಿಯಾಗಿದೆ. ಹಿತ್ತಲಲ್ಲಿ ಮಾತು ಮುಂದುವರಿದಿದೆ. ನಿನ್ನೆ ಬಟ್ಟೆ ಹರವುತ್ತಾ ಕೇಳಿಸಿಕೊಂಡೆ: "ಕೆಂಚಿ, ನನ್ ಸೊಸೆ ಹೋಳಿಗೆ ಅಂಚು ದಪ್ಪ ಮಾಡ್ತಾಳೆ ಕಣೇ. ನೋಡಿದ್ರೆ ಗೊತ್ತಾಗುತ್ತೆ ಈಗ."

ಕಣ್ಣು ಬಂದದ್ದಕ್ಕೆ ಇಷ್ಟಾದರೂ ದಂಡ ತೆರಬೇಡವೇ! ಏನಂತೀರಿ?